ಬಿಲದ ಬಾಯಿಗೆ ಹಸಿ ಮಣ್ಣು

ಮುಂಗಾರಿ ಜೋಳ ಕೊಯ್ದ ಹೊಲದಲ್ಲಿ ಇಲಿಯ ಬಿಲ ಅಗೆದು, ಅದು ಕೂಡಿಟ್ಟ ತೆನೆ ತರುವುದು ಕಲ್ಲೋಳಿ ಕಡೆಯ ಬಡವರಲ್ಲಿ ಹಳೆಯ ರೂಢಿ. ರಾಯವ್ವನ ಗಂಡ ಖಂಡೆಪ್ಪ ಅದರಲ್ಲಿ ಎತ್ತಿದ ಕೈ. ಆತ ಶಿವನ ಪಾದ ಸೇರಿದ ವರ್ಷ, ಮಾಗಿಯ ಚಳಿಯಲ್ಲಿ, ರಾಯವ್ವ ಒಳಗೆ ಮಲಗುವುದನ್ನೇ ಬಿಟ್ಟಳು. ಆತ ಮಲಗುತ್ತಿದ್ದ ಹೊರಗಟ್ಟೆಯ ಮೇಲೆ ಆತನದೇ ಕಂಬಳಿ ಹೊದ್ದು ಒಬ್ಬಳೇ ಬೀಳುವಳು. ಉಣ್ಣುವುದು ಅರ್ಧ ರೊಟ್ಟಿ. ಮೈ ಕಡ್ಡಿಯಾಯಿತು, ಎದೆಯಲ್ಲಿ ಕೆಮ್ಮು ಕೂತಿತು.

ನೆಗೆಣ್ಣಿ ಅಲ್ಲವ್ವ ಬೈದು ಬೈದು ಸೋತಳು. "ಯಕ್ಕಾ, ನನ್ನ ಹುಡುಗ್ರ ಬಾಜೂ ಬಂದು ಬೀಳಬಾರದ? ಹಿಂಗಾದ್ರ ಸಂಕ್ರಾಂತಿ ಕಾಣೂದಿಲ್ಲ ನೀ."

"ಕಂಡು ಏನ ಮಾಡ್ಲೆವ್ವಾ?"

"ತೆನಿ ತರಾಕರ ಬಾ. ಬಿಲಾ ಹುಡುಕಾಕ ನನಗ ಕಣ್ಣಿಲ್ಲ."

"ನಿನಗ ಕಣ್ಣದಾವ, ಚಿತ್ತಿಲ್ಲ," ಎಂದು ರಾಯವ್ವ ಹಣೆಗೆ ವಿಭೂತಿ ಹಚ್ಚಿಕೊಂಡು ಎದ್ದಳು.

ಬಿಲದ ಬಾಯಿಗೆ ಹಸಿ ಮಣ್ಣು ಮೆತ್ತಿದ್ದರೆ ಒಳಗೆ ಇಲಿ ಉಂಟು. ಹೊಲದಲ್ಲಿ ಅಂಥದ್ದೊಂದನ್ನು ಹುಡುಕಿ ಅಗೆದಳು. ಮೊಳದಾಳಕ್ಕೆ ಕೈ ಇಟ್ಟಾಗ ಬೆಚ್ಚನೆಯ ಉಸಿರು ತಾಗಿದಂತಾಯಿತು. ಜೋಳದ ಒಣ ಎಲೆ, ರವದಿಯನ್ನು ಅಗಿದು ಮೆತ್ತಗೆ ಮಾಡಿದ ಗೂಡು. ಅದರಲ್ಲಿ ಒಂದರ ಮೇಲೊಂದು ಬಿದ್ದ ಕೆಂಪು ಮರಿಗಳು.

ಸ್ವಾತಂತ್ರ್ಯ ಬಂದ ಮರುವರ್ಷ, ಸೊಸೆಯಾಗಿ ಬಂದ ಹೊಸತರಲ್ಲಿ, ಮರಿಗಳಿಗೆ ಉಸಿರು ಕಟ್ಟೀತೆಂದು ಮರುಗಿ ಅವಳು ಬಿಲದ ಬಾಯಿ ತೆರೆದೇ ಬಿಟ್ಟಿದ್ದಳು. ಖಂಡೆಪ್ಪ ನಕ್ಕಿದ್ದ.

"ಏ ಹುಚ್ಚಿ, ಮಾಗ್ಯಾಗ ಬಾಗಲಾ ತಗದಿಟ್ರ ಕುಡದ ಹಾಲೆಲ್ಲಾ ಮೈ ಕಾಸಾಕ ಹೋಗತೈತಿ. ಬೆಳಿಯಾಕ ಏನ ಉಳೀತು? ನೋಡಿಲ್ಲೆ, ಅಂಚಿನದು ನಡುವ ನುಗ್ಗತೈತಿ, ನಡುವಿಂದು ಅಂಚಿಗೆ ಬರತೈತಿ. ಎಲ್ಲಾರಿಗೂ ಪಾಳಿ ಐತಿ."

ಹಾಗೆ ಹೇಳಿ ಒಂದು ಹಿಡಿ ತೆನೆ ಇಲಿಯ ಪಾಲೆಂದು ಒಳಗಿಟ್ಟು, ಬಾಯಿಗೆ ಮಣ್ಣು ಮೆತ್ತಿದ್ದ.

ರಾಯವ್ವನ ಕಣ್ಣು ತುಂಬಿತು. ಅಷ್ಟರಲ್ಲಿ ಅಲ್ಲವ್ವ, "ಅಯ್ಯ, ಒಂದು ಸತ್ತೈತಿ ನೋಡಕ್ಕಾ," ಎಂದಳು. ಹೆಂಟೆಯ ಜೊತೆ ಹೊರಗೆ ಉರುಳಿದ ಮರಿಯೊಂದು ಕುಳಿರ್ಗಾಳಿಗೆ ನೀಲಿಗಟ್ಟಿ, ಅಲುಗದೆ ಬಿದ್ದಿತ್ತು. ಮುಟ್ಟಿದರೆ ಕಲ್ಲಿನಂತೆ ತಣ್ಣಗೆ.

"ಒಬ್ಬಂಟಿ ಆತು, ಪಾಪ," ಎಂದು ರಾಯವ್ವ ಅದನ್ನೆತ್ತಿ ಗುಂಪಿನ ನಟ್ಟನಡುವೆ ಇಟ್ಟು, ಮೇಲೆ ಅಂಗೈ ಮುಚ್ಚಿದಳು.

"ಸತ್ತದ್ದಕ್ಕ ಹಾಸಿಗಿ ಹಾಸತಿ ಏನ?"

"ಸುಮ್ನಿರ."

ಅಲ್ಲವ್ವ ತೆನೆಗಳನ್ನು ಬುಟ್ಟಿಗೆ ತುಂಬಿ ಮುಗಿಸುವ ಹೊತ್ತಿಗೆ ರಾಯವ್ವನ ಅಂಗೈಯೊಳಗೆ ಏನೋ ಮಿಸುಕಿತು. ಕೈ ಸರಿಸಿ ನೋಡಿದಳು. ಆ ಮರಿಯ ಕಾಲು ಅದುರುತ್ತಿತ್ತು. ಮೈಗೆ ಕೆಂಪು ತಿರುಗುತ್ತಿತ್ತು.

"ಶಿವಾ, ನನ್ನಪ್ಪಾ!" ಎಂದಳು. ಒಂದು ಹಿಡಿ ತೆನೆ ಒಳಗಿಟ್ಟು, ಹಸಿ ಮಣ್ಣಿನಿಂದ ಬಾಯಿ ಮುಚ್ಚಿ, ಗಂಡ ತಟ್ಟುತ್ತಿದ್ದಂತೆಯೇ ಮೆಲ್ಲಗೆ ತಟ್ಟಿದಳು.

ಅಂದು ದೀಪ ಹಚ್ಚಿದ ಮೇಲೆ ರಾಯವ್ವ ಕಟ್ಟೆಯ ಮೇಲಿನ ಕಂಬಳಿ ಕೊಡವಿ ಒಳಗೆ ತಂದಳು. ಮಕ್ಕಳು ಆಗಲೇ ಸಾಲಾಗಿ ಬಿದ್ದಿದ್ದವು.

"ಸರೀರಿ, ಇವತ್ತ ನಡುವ ನನ್ನ ಪಾಳಿ."

"ದೊಡ್ಡವ್ವಾ, ನಿನ್ನ ಕಾಲ ಎಷ್ಟ ತಣ್ಣಗದಾವ!" ಎಂದು ಕಿರಿಯವಳು ಚೀರಿದಳು. ಆದರೆ ತನ್ನ ಕಾಲನ್ನು ಸರಿಸಲಿಲ್ಲ.