ದಿನಾ ಆಡಿಸ್ತಾ ಇರಿ

ಆಟ ಆಡಿದರೆ ಬುದ್ಧಿ ಚುರುಕಾಗುತ್ತದೆ, ತಾಳ್ಮೆ ಬರುತ್ತದೆ, ನೆಂಟಸ್ತಿಕೆ ಗಟ್ಟಿಯಾಗುತ್ತದೆ ಎನ್ನುವ ಮಹಾನುಭಾವರು ನನ್ನ ಮಾವನ ಎದುರು ಒಮ್ಮೆಯಾದರೂ ಚದುರಂಗಕ್ಕೆ ಕೂತವರಲ್ಲ. ನಾನು ಕೂತವನು. ಅದೂ ಎಂಥ ನಾನು! ನಾನು ಕುದುರೆ ನಡೆಸಿದರೆ ಪಕ್ಕದ ಬೀದಿಗೆ ಗೊರಸಿನ ಸದ್ದು ಕೇಳಿಸುತ್ತಿತ್ತು. ಆಟ ಬಿಟ್ಟು ದರ್ಜಿಯಾಗಿ ಕತ್ತರಿ ಹಿಡಿದದ್ದು ಲೋಕದ ಉಳಿದ ಆಟಗಾರರ ಮೇಲಿನ ಕನಿಕರದಿಂದ.

ಮಾವ ಗಡಿಯಾರ ರಿಪೇರಿಯವರು. ನನ್ನ ಅಂಗಡಿಗೆ ಅಂಟಿಕೊಂಡೇ ಅವರ ಅಂಗಡಿ. ಲಕ್ವ ಹೊಡೆದು ಬಲಗೈ ಮರಗಟ್ಟಿತು. ಕೂದಲೆಳೆಯಂಥ ಸ್ಪ್ರಿಂಗನ್ನು ಚಿಮುಟದಲ್ಲಿ ಎತ್ತುತ್ತಿದ್ದ ಬೆರಳುಗಳಿಗೆ ಚಮಚವೂ ದಕ್ಕದಾಯಿತು. "ಈ ಕೈ ಬರ್ದಿದ್ರೆ ಅಂಗಡಿ ಯಾರಿಗಾದ್ರೂ ಕೊಟ್ಬಿಡ್ತೀನಿ" ಎಂದು ಗೋಡೆಗೆ ಮುಖ ಮಾಡಿ ಮಲಗಿಬಿಟ್ಟರು.

ಡಾಕ್ಟರು ಕೈಯನ್ನು ಮಡಚಿ, ಬಿಡಿಸಿ, "ಹೀಗೇ ಬಿಟ್ರೆ ಜಡ್ಡುಗಟ್ಟುತ್ತೆ. ದಿನಾ ಆಡಿಸ್ತಾ ಇರಿ" ಅಂದರು. ನಾನು ಮನೆಗೆ ಬರುವ ದಾರಿಯಲ್ಲೇ ಚದುರಂಗದ ಹಲಗೆ ಕೊಂಡೆ.

"ಕೈ ಆಡಿಸಿ ಅಂದಿದ್ದು ರೀ, ಅಪ್ಪನ್ನ ಅಲ್ಲ!" ಹೆಂಡತಿ ಹಣೆ ಚಚ್ಚಿಕೊಂಡಳು.

"ನಿಂಗೆ ಡಾಕ್ಟರ್ ಭಾಷೆ ಅರ್ಥ ಆಗಲ್ಲ, ಸುಮ್ನಿರು."

ಅಳಿಯನ ಸೊಕ್ಕು ಮುರಿಯುವ ಆಸೆಗೆ ಮಾವ ಎದ್ದು ಕೂತರು. ಆಡಿದ್ದು ಮಾತ್ರ ಎಡಗೈಯಲ್ಲಿ. ಬಲಗೈ ತೊಡೆಯ ಮೇಲೆ ಸತ್ತ ಮೀನಿನಂತೆ ಬಿದ್ದಿತ್ತು.

"ಪರವಾಗಿಲ್ಲ ಕಣ್ರೀ, ಚೆನ್ನಾಗಿರೋ ಕೈಗೆ ಒಳ್ಳೆ ವ್ಯಾಯಾಮ" ಎಂದಳು ಹೆಂಡತಿ.

ಮೊದಮೊದಲು ಗೆದ್ದೆ. ಆಮೇಲೆ, ಭೂಮಿ ಬಾಯ್ದೆರೆಯಬಾರದೇ, ಸೋಲತೊಡಗಿದೆ.

"ನನ್ನ ಆನೆ ಎಲ್ಲಿ ಮಾವ?"

"ಆಗ್ಲೇ ಹೊಡೆದ್ನಲ್ಲ ಅಳಿಯಂದ್ರೆ! ಈ ಆಟ ನೆನಪಿಗೆ ಒಳ್ಳೇದಂತೆ. ಇನ್ನೂ ಆಡಿ ನೀವು."

ಸುದ್ದಿ ಬೀದಿಗೆ ಬಿತ್ತು. ಅಳತೆ ಕೊಡಲು ನಿಂತವರು ನಕ್ಕು ನಕ್ಕು, ಹೊಟ್ಟೆ ಎಷ್ಟೆಂದು ಟೇಪಿಗೇ ತಿಳಿಯದಾಯಿತು. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದಂತೆ. ನನ್ನ ಮಾನ ಹೋಗಿದ್ದೇ ಆನೆಗೆ.

ಒಂದು ಸಂಜೆ ಆಕಳಿಸುವ ನೆಪದಲ್ಲಿ ಕಣ್ಣು ಮುಚ್ಚಿ, ರೆಪ್ಪೆಯ ಸಂದಿಯಿಂದ ನೋಡಿದೆ. ಸತ್ತ ಮೀನು ಎದ್ದಿತು! ಹಲಗೆಯ ಅಂಚಿಗೆ ತೆವಳಿತು. ನಡುಗುವ ಎರಡು ಬೆರಳು ನನ್ನ ಆನೆಯನ್ನು ತಬ್ಬಿ, ಜಾರಿ, ಮತ್ತೆ ತಬ್ಬಿ, ಮೆಲ್ಲಗೆ ಎತ್ತಿ ಪಂಚೆಯ ಮಡಿಲಿಗೆ ಇಳಿಸಿದವು. ಮಾವನ ಹಣೆ ಬೆವೆತಿತ್ತು. ಗೋಡೆಗೆ ಮುಖ ಮಾಡಿ ಮಲಗಿದ್ದ ಮನುಷ್ಯ ಇವರೇನಾ ಅನಿಸಿತು.

"ಕಳ್ಳ!" ಎಂಬ ಮಾತು ನಾಲಿಗೆಯ ತುದಿಗೆ ಬಂತು. ನುಂಗಿಕೊಂಡೆ. ಹಿಡಿದುಹಾಕಿದರೆ ಆ ಕೈ ಮತ್ತೆ ತೊಡೆಗೆ ಬೀಳುತ್ತಿತ್ತು, ಅಂಗಡಿ ಯಾರದೋ ಪಾಲಾಗುತ್ತಿತ್ತು.

ಅಂದಿನಿಂದ ನನ್ನಷ್ಟು ಸೀನಿದವನು ಭೂಮಂಡಲದಲ್ಲಿ ಇನ್ನೊಬ್ಬನಿಲ್ಲ. ಸೀನಿದೆ, ಕೆಮ್ಮಿದೆ, ಕಿಟಕಿಯಾಚೆ ಇಲ್ಲದ ಹಕ್ಕಿಗಳನ್ನು ನೋಡಿದೆ. ದಪ್ಪ ಆನೆಗಳನ್ನು ಕದಿಯುವುದು ಸಲೀಸಾದ ಮೇಲೆ ಅವನ್ನು ದೂರವಿಟ್ಟು, ಸಣ್ಣ ಕಾಲಾಳುಗಳನ್ನು ಅಂಚಿಗೆ ತಂದೆ.

"ಅವುಗಳನ್ನ ಅಲ್ಲಿಗ್ಯಾಕೆ ತಳ್ತೀರಿ? ಅಪ್ಪ ಸುಲಭವಾಗಿ ಹೊಡೀತಾರೆ" ಎಂದಳು ಹೆಂಡತಿ.

"ಅದು ದೊಡ್ಡವರ ತಂತ್ರ ಕಣೇ."

"ಹೌದೌದು. ದಿನಾ ಸೋಲೋ ದೊಡ್ಡವರು."

ಮಾವ ಕೊನೆಗೂ ಅಂಗಡಿಯ ಬಾಗಿಲು ತೆಗೆದರು. ಬಲಗೈಯಲ್ಲಿ ಚಿಮುಟ ಹಿಡಿದು, ಉಸಿರು ಬಿಗಿಹಿಡಿದು, ಹೆಂಗಸರ ಪುಟ್ಟ ಕೈಗಡಿಯಾರದ ಹೊಟ್ಟೆಗೆ ಒಂದು ಹಲ್ಲಿನ ಚಕ್ರವನ್ನು ಕೂರಿಸಿದರು. ಅದು ಟಿಕ್ ಅಂದಿತು.

"ಕೈ ಹೇಗೆ ವಾಸಿಯಾಯ್ತು?" ಗಿರಾಕಿ ಕೇಳಿದ.

"ಆಟ ಕಣಪ್ಪಾ, ಆಟ! ಅಳಿಯನಿಗೆ ಕಲಿಸ್ತಾ ಕಲಿಸ್ತಾ ನಂಗೆ ಕೈ ಬಂತು. ಪಾಪ, ಅವನಿಗೆ ಮಾತ್ರ ಆಟ ಬರ್ಲಿಲ್ಲ."

ಪಕ್ಕದ ಅಂಗಡಿಯಲ್ಲಿ ನನ್ನ ಬಾಯ್ತುಂಬ ಗುಂಡುಪಿನ್ನುಗಳಿದ್ದವು. ಇಲ್ಲದಿದ್ದರೆ ಲೋಕಕ್ಕೆ ಅಂದೇ ಸತ್ಯ ತಿಳಿಯುತ್ತಿತ್ತು.

ಈಗಲೂ ಸಂಜೆ ಆಡುತ್ತೇವೆ. ಕೈ ಬಂತಲ್ಲ, ಇನ್ನು ಕನಿಕರವೇಕೆಂದು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕೂರುತ್ತೇನೆ. ಆದರೆ ಮಂತ್ರಿ ಯಾವ ಗಳಿಗೆಯಲ್ಲಿ ಮಾಯವಾದ ಎಂಬುದು ನನಗೇ ತಿಳಿಯುವುದಿಲ್ಲ.