ಅಂಗಳದ ಕಾವಲಿಗೆ ನಾನೇ

ಸೋಮವಾರ ಬೆಳಗ್ಗೆ ಎದ್ದು ನೋಡಿದರೆ ನಮ್ಮ ನಾಯಿ ಬಾಸರ್ ಇರಲಿಲ್ಲ. ಸರಪಳಿಯನ್ನೂ ಬಿಟ್ಟಿರಲಿಲ್ಲ ಕಳ್ಳರು, ಅವರ ಮನೆ ಹಾಳಾಗ. ಒಂಬತ್ತು ವರ್ಷ ನನ್ನ ತಟ್ಟೆಯ ಮೂಳೆ ತಿಂದು ಬೆಳೆದ ನಾಯಿ. ನಮ್ಮ ಗುಡಾರದ ಮನೆಯ ಬಾಗಿಲಲ್ಲಿ ಕೂತು ಅತ್ತುಬಿಟ್ಟೆ.

ಮಂಗೋಲಿಯಾದ ಉಲಾನ್‌ಬಾತರ್‌ನ ಗುಡ್ಡದ ಮೇಲಿನ ನಮ್ಮ ಓಣಿಯಲ್ಲಿ ಇಂಥದ್ದಕ್ಕೆ ಯಾರೂ ಪೊಲೀಸರ ಹತ್ತಿರ ಹೋಗುವುದಿಲ್ಲ.

"ಹೋದ್ವರ್ಷ ನನ್ನ ಟಿವಿ ಹೋದಾಗ ದೂರು ಕೊಟ್ಟೆ," ಎಂದ ಪಕ್ಕದ ಮನೆಯ ಗೊಂಬೊ. "ಕದಿಯೋವಾಗ ನೀವು ಮನೇಲಿದ್ರಾ ಅಂತ ಕೇಳಿದ್ರು. ನಾನಿದ್ದಿದ್ರೆ ಅವನು ಕದೀತಿದ್ನಾ?"

ಆದರೂ ನನ್ನ ಹೆಂಡತಿ ದುಲ್ಮಾ ಹಟ ಹಿಡಿದು ದೂರು ಬರೆಸಿ ಬಂದಳು. ಬಂದವಳೇ ನನಗೊಂದು ಕೆಲಸ ಹಚ್ಚಿದಳು.

"ನಾಯಿ ಇಲ್ಲ ಅಂತ ಗೊತ್ತಾದ್ರೆ ನಾಳೆ ಕಲ್ಲಿದ್ದಲ ಮೂಟೆನೂ ಹೊತ್ಕೊಂಡು ಹೋಗ್ತಾರೆ. ಯಾರಾದ್ರೂ ಗೇಟ್ ಹತ್ರ ಬಂದ್ರೆ ಬೊಗಳ್ರೀ."

"ನಾನಾ?"

"ಮೂವತ್ತು ವರ್ಷದಿಂದ ನನ್ನ ಮೇಲೆ ಬೊಗಳ್ತಿಲ್ವಾ? ಈಗ ಉಪಯೋಗಕ್ಕೆ ಬರ್ಲಿ."

ನಮ್ಮಲ್ಲಿ ಯಾರೇ ಬಂದರೂ ಬೇಲಿಯಾಚೆ ನಿಂತು "ನಾಯಿ ಹಿಡ್ಕೊಳ್ಳಿ" ಎಂದು ಕೂಗಬೇಕು. ಕೂಗಿದವರಿಗೆಲ್ಲ ಬೊಗಳಿದೆ. ಬುಧವಾರದ ಹೊತ್ತಿಗೆ ಗುರುಗುಟ್ಟುವುದೂ ಕರಗತವಾಯಿತು. ದುಲ್ಮಾಳ ತಂಗಿ ಕೂಡ ಹೆದರಿ ವಾಪಸ್ಸು ಹೋದಳು, ಅದೊಂದು ಲಾಭ.

ಶುಕ್ರವಾರ ದುಲ್ಮಾ ನೀರು ತರಲು ಹೋಗಿದ್ದಳು. "ನಾಯಿ ಹಿಡ್ಕೊಳ್ಳಿ" ಎಂದು ಯಾವುದೋ ಹೊಸ ದನಿ ಕೂಗಿತು. ಶಕ್ತಿ ಮೀರಿ ಬೊಗಳಿದೆ. ಅವನು ಮತ್ತೆ ಕೂಗಿದ, ನಾನು ಮತ್ತೆ ಬೊಗಳಿದೆ. ಆಮೇಲೆ ಕೂಗು ನಿಂತಿತು. ಹಲಗೆಯ ಸಂದಿಯಲ್ಲಿ ಇಣುಕಿದರೆ ಎಳೇ ಪೊಲೀಸಿನವನೊಬ್ಬ ತಾನು ಬರೆಯುತ್ತಿದ್ದುದನ್ನು ತಾನೇ ಗಟ್ಟಿಯಾಗಿ ಓದಿಕೊಳ್ಳುತ್ತಿದ್ದ: "ನಾಯಿ ಮನೆಯಲ್ಲೇ ಇದೆ. ದೂರು ಮುಗಿಯಿತು."

ಸುಮ್ಮನಿದ್ದರೆ ನನ್ನ ಬಾಸರನನ್ನು ಹುಡುಕುವವರೇ ಇಲ್ಲ. ಬಾಯಿ ಬಿಟ್ಟರೆ ಮಾನ ಹೋಗುತ್ತದೆ. ಹೋದರೆ ಹೋಗಲಿ ಎಂದು ಗೇಟು ತೆರೆದೆ.

"ತಮ್ಮಾ, ಅದು ನಾಯಿಯಲ್ಲ. ನಾನು."

ಅವನು ನಂಬಲಿಲ್ಲ. ನಡುಹಗಲಲ್ಲಿ, ಗೊಂಬೊ ನೋಡುತ್ತಿರುವಾಗಲೇ, ಮತ್ತೊಮ್ಮೆ ಬೊಗಳಿ, ಗುರುಗುಟ್ಟಿ ತೋರಿಸಬೇಕಾಯಿತು. ಪೊಲೀಸಿನವನು ನಗಲಿಲ್ಲ. ಬರೆದದ್ದನ್ನು ಹೊಡೆದುಹಾಕಿದ.

"ಸಿಗುತ್ತೇನಪ್ಪಾ ನನ್ನ ನಾಯಿ?"

"ಸುಳ್ಳು ಯಾಕೆ ಹೇಳ್ಲಿ ಯಜಮಾನ್ರೇ. ನಾನೂ ಮೇಲಿನ ಓಣಿಯವನೇ. ನಮ್ಮನೇದು ಹೋಗಿ ಎರಡು ತಿಂಗಳಾಯ್ತು." ಗೊಂಬೊ ಒಳಗೆ ಹೋಗುವವರೆಗೆ ಕಾದು ದನಿ ತಗ್ಗಿಸಿದ. "ಆ ಗುರುಗುಟ್ಟೋದು ಹೆಂಗೆ ಮಾಡ್ತೀರಿ? ನಮ್ಮಪ್ಪ ಬೊಗಳಿದ್ರೆ ಕೆಮ್ಮಿದ ಹಾಗಿರುತ್ತೆ."

ನನಗೆ ಮತ್ತೆ ಅಳು ಬಂತು. ಆದರೂ ಅವನನ್ನು ಒಳಗೆ ಕರೆದು ಕೂರಿಸಿ, ಉಪ್ಪು ಹಾಕಿದ ಹಾಲಿನ ಚಹಾ ಕೊಟ್ಟು, ಗಂಟಲಿನಿಂದಲ್ಲ, ಹೊಟ್ಟೆಯಿಂದ ಶುರುಮಾಡಬೇಕು ಎಂದು ಹೇಳಿಕೊಟ್ಟೆ.