ಮೂರು ಪೆಟ್ಟಿಗೆಗಳ ಲೀಲಾಧರ

ಚಟ್ಟದ ಬಿದಿರಿಗೆ ಹಗ್ಗ ಬಿಗಿಯುತ್ತಿದ್ದ ಪಕ್ಕದ ಮನೆಯ ಗುರುವಜ್ಜ ಅರ್ಧಕ್ಕೇ ಕೈಬಿಟ್ಟು ಸೌಜನ್ಯಳ ಮುಖ ನೋಡಿದ.

"ಕಟ್ಟೂಕೆ ನಾ ಇದ್ದೆ ಮಗಾ. ಹೊರೂಕೆ ಯಾರಿದ್ರ್? ಗಂಡಸ್ರೆಲ್ಲ ಕಡ್ಲಿಗೆ ಹೋಯ್ರ್."

ಸೌಜನ್ಯಳನ್ನು ಬೆಳಗಿನಿಂದ ಕಾಡುತ್ತಿದ್ದುದೂ ಅದೇ. ಬೋಟುಗಳು ಆಳಸಮುದ್ರದಲ್ಲಿದ್ದವು, ಕುಂದಾಪುರದ ಬಳಿಯ ಕೋಡಿಯ ಈ ಕೇರಿಯಲ್ಲಿ ಉಳಿದ ಗಂಡಸರೆಂದರೆ ಮಂಡಿನೋವಿನ ಮುದುಕರು. ತೀರಿಹೋದ ಅಪ್ಪ ಲೀಲಾಧರನಿಗೆ ಅಣ್ಣತಮ್ಮಂದಿರಿಲ್ಲ, ಗಂಡುಮಕ್ಕಳೂ ಇಲ್ಲ. ಗಾಡಿ ತರಿಸೋಣವೆಂದರೆ ಓಣಿಯೊಳಗೆ ಆಟೋ ಕೂಡ ನುಗ್ಗದು. ಕರೆದಲ್ಲಿಗೆಲ್ಲ ಓಡಿದ ಮನುಷ್ಯ ಕೊನೆಗೆ ಅಂಗಳ ದಾಟಲಾರದೆ ಉಳಿಯಬೇಕೇ?

"ಬೋಟ್ ಬಪ್ಪಲ್ಲಿವರಿಗೆ ಕಾಂಬ," ಎಂದ ಅಜ್ಜ.

"ಬೇಡ ಅಜ್ಜ. ಇವತ್ತೇ ಆಯ್ಕ್."

*

ದೂರವಾಣಿ ಕೇಂದ್ರದಿಂದ ನಿವೃತ್ತನಾದ ಮೇಲೂ ಲೀಲಾಧರ ಕೈಕಟ್ಟಿ ಕುಳಿತವನಲ್ಲ. ಮೀನು ಮಾರುವ ಹೆಂಗಸರ ಸಂಘಕ್ಕೆ ಬೈಂದೂರು, ಕುಂದಾಪುರ, ಬ್ರಹ್ಮಾವರಗಳಲ್ಲಿ ಒಂದೊಂದು ಶೆಡ್ಡು, ಶೆಡ್ಡಿಗೊಂದು ಇಂಟರ್‌ಕಾಮ್ ಪೆಟ್ಟಿಗೆ. ಹರಾಜುಕಟ್ಟೆಯಿಂದ ಅದೇ ಶೆಡ್ಡಿನ ಮಂಜುಗಡ್ಡೆ ಕೋಣೆಗೆ ಮಾತಾಡಬಹುದು, ಅಷ್ಟೇ. ಬೈಂದೂರಿನಲ್ಲಿ ಬಂಗುಡೆ ಕೊಳೆಯುತ್ತಿದ್ದರೆ ಬ್ರಹ್ಮಾವರದಲ್ಲಿ ಗಿರಾಕಿ ಬರಿಗೈಯಲ್ಲಿ ಹೋಗುತ್ತಿದ್ದ. ಮೊಬೈಲಿದೆಯಲ್ಲ ಎನ್ನಬಹುದು, ಮೀನು ಹಿಡಿದ ಒದ್ದೆ ಬೆರಳಿನ ಮಾತನ್ನು ಆ ಗಾಜು ಕೇಳಬೇಕಲ್ಲ!

ಲೀಲಾಧರ ಇಂಟರ್ನೆಟ್ಟಿನ ಮೂಲಕ ಮೂರೂ ಪೆಟ್ಟಿಗೆಗಳನ್ನು ಬೆಸೆದು, ಊರಿಗೊಂದು ಅಂಕೆ ಕೊಟ್ಟ. ಬ್ರಹ್ಮಾವರದಲ್ಲಿ ಗುಂಡಿ ಒತ್ತಿದರೆ ಬೈಂದೂರಿನ ಫೋನು ಪಕ್ಕದ ಕೋಣೆಯಲ್ಲಿದ್ದಂತೆ ಗಣಗಣ ಎಂದಿತು.

"ಇನ್ ನೀವ್ ಜಗಳ ಮಾಡಿರೆ ಮೂರೂರಿಗೂ ಕೇಂತ್," ಎಂದು ನಕ್ಕಿದ್ದ.

*

ಸಾವಿನ ಸುದ್ದಿಯೂ ಅದೇ ಫೋನಿನಲ್ಲಿ ಹೋಗಿತ್ತು. ಬಿಸಿಲೇರುವ ಹೊತ್ತಿಗೆ ಸಂಘದ ಹೆಂಗಸರು ಬಸ್ಸಿಳಿದು ಬಂದರು. ಒಂದು ಗುಂಪು ತೆಂಗಿನ ಬುಡದಲ್ಲಿ, ಇನ್ನೊಂದು ಬಾವಿಕಟ್ಟೆಯ ಬಳಿ, ಗುರುತಿಲ್ಲದವರ ಹಾಗೆ ಕುಳಿತಿತು.

ತೆಂಗಿನ ಬುಡದ ಹಿರಿಯಾಕೆ ಸೌಜನ್ಯಳ ಕೈ ಹಿಡಿದು, "ಅಮ್ಮ ನೀರಾರೂ ಕುಡ್ದ್ರಾ ಹೆಣ್ಣೆ?" ಎಂದಳು.

ಬಾವಿಕಟ್ಟೆಯ ಹೆಂಗಸೊಬ್ಬಳು ಥಟ್ಟನೆ ಎದ್ದಳು. "ಹ್ವಾಯ್, ನೀವ್ ಬೈಂದೂರ್ ಪದ್ದಕ್ಕ ಅಲ್ದಾ?"

"ಹೌದ್. ನೀ ಬ್ರಹ್ಮಾವರದ್ ಅಮ್ಮಣಿ! ದನಿ ಕೇಂಡ್ ನೀ ದಪ್ಪ ಇಪ್ಪುದ್ ಅಂದೇಳಿ ಎಣ್ಸಿದ್ದೆ."

ಸಾವಿನ ಮನೆಯೆಂಬುದನ್ನೂ ಮರೆತು ಯಾರೋ ನಕ್ಕರು. ವರ್ಷಗಟ್ಟಲೆ ದಿನವೂ ಮಾತಾಡಿದವರು ಮೊದಲ ಸಲ ಮುಖ ನೋಡಿಕೊಂಡರು. ಒಳಗೆ ಗಂಡನ ತಲೆದೆಸೆಯಲ್ಲಿದ್ದ ಅಮ್ಮ ರತ್ನ ಬಾಗಿಲಿಗೆ ಬಂದು ನಿಂತಳು.

ಹೊರುವವರಿಲ್ಲದ ಸಂಗತಿ ಕೇಳಿದ್ದೇ ಪದ್ದು ಸೆರಗು ಸೊಂಟಕ್ಕೆ ಸಿಕ್ಕಿಸಿದಳು. "ನಾವೇ ಹೊರುವ."

"ಹೆಂಗ್ಸ್ರ್ ಹೊರೂದಾ? ನಮ್ಮಲ್ಲ್ ಆ ಕ್ರಮ ಇಲ್ಲೆ," ಎಂದ ಗುರುವಜ್ಜ.

"ಮೀನ್ ಬುಟ್ಟಿ ಹೊತ್ಕಂಡ್ ಊರೂರ್ ತಿರ್ಗುಕೆ ಕ್ರಮ ಇತ್ತಾ ಅಜ್ಜ?"

ಅಜ್ಜ ರತ್ನಳತ್ತ ನೋಡಿದ.

"ಅವ್ರೇ ಹೊರ್ಲಿ," ಎಂದಳು ರತ್ನ.

ಅಜ್ಜ ಕೊನೆಯ ಗಂಟು ಬಿಗಿದ.

ಮುಂದೆ ಪದ್ದು ಮತ್ತು ಸೌಜನ್ಯ, ಹಿಂದೆ ಅಮ್ಮಣಿ ಮತ್ತು ಅವಳ ಜೊತೆಗಾತಿ ಹೆಗಲು ಕೊಟ್ಟರು. ಅಪ್ಪ ಹೊರಟನಲ್ಲ ಎಂಬ ಸಂಕಟದ ನಡುವೆಯೂ ಸೌಜನ್ಯಳ ಎದೆ ಹಗುರಾಯಿತು. ಓಣಿ ಇಕ್ಕಟ್ಟಾದಲ್ಲಿ ಪದ್ದು ನಿಧಾನಿಸಿದಳು.

"ಅಮ್ಮಣೀ, ಇಲ್ಲೊಂದ್ ಮೆಟ್ಲ್ ಇತ್ತ್."

"ಗೊತ್ತಾಯ್ತ್ ಪದ್ದಕ್ಕ. ನೀವ್ ನಡೀನಿ."

ಆ ದನಿಯನ್ನು ನಂಬಿ, ತಿರುಗಿಯೂ ನೋಡದೆ, ಪದ್ದು ಮೆಟ್ಟಿಲಿಳಿದಳು.